ಹಸಿರು ಫ್ಲಾಸ್ಕಿನ ಕಷಾಯ

ನಾನು ನಿಂತಿದ್ದದ್ದು ಜಯನಗರದ ಒಂದು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯ ಕಾಲಬದಿಗೆ. ಮಂಗಳವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಗಡಿಯಾರ ಎದುರಿನ ಗೋಡೆಯಲ್ಲೇ ಇತ್ತು, ಎರಡು ಸಲ ನೋಡಿದ್ದೆ. ಹಾಸಿಗೆಯಲ್ಲಿ ಇಪ್ಪತ್ತೆಂಟು ವರ್ಷದ ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಅವಳ ಕಣ್ಣಿನ ಬಿಳಿಭಾಗ ಅರಿಶಿನ ಕದಡಿದ ನೀರಿನಂತಾಗಿತ್ತು. ಎಡಗಡೆಯ ಸ್ಟೂಲಿನಲ್ಲಿ ಕೊಪ್ಪಳದಿಂದ ಬಂದಿದ್ದ ಅವಳ ಅಕ್ಕ. ಬಲಗಡೆ, ಬಿಟಿಎಂ ಬಡಾವಣೆಯಲ್ಲಿ ಅವಳು ಬಾಡಿಗೆಗಿದ್ದ ಮನೆಯ ಓನರ್ ಆಂಟಿ. ಆಂಟಿಯ ಕೈಯಲ್ಲಿ ಹಸಿರು ಬಣ್ಣದ ಸ್ಟೀಲ್ ಫ್ಲಾಸ್ಕು.

ಆಂಟಿ ಮುಚ್ಚಳ ತಿರುಗಿಸಿದರು. ಬಣ್ಣ ಕಾಣುವ ಮೊದಲೇ ವಾಸನೆ ಬಂತು. ಮೂವತ್ತು ವರ್ಷದಿಂದ ಬಲ್ಲ ವಾಸನೆ: ಹಸಿ ಬಳ್ಳಿಯನ್ನು ಜಜ್ಜಿ ಕುದಿಸಿದ ಕಷಾಯ.

"ತಗೋಮ್ಮ. ಮೂಗು ಮುಚ್ಕೊಂಡು ಒಂದೇ ಸಲಕ್ಕೆ ಇಳಿಸ್ಬಿಡು. ಇವತ್ತು ನಿಮ್ಮ ಮೇಷ್ಟ್ರೇ ಎದುರಿಗಿದಾರೆ, ನಾಟಕ ನಡಿಯಲ್ಲ."

ಹುಡುಗಿ ನನ್ನ ಕಡೆ ನೋಡಿ ನಕ್ಕಳು. "ಸರ, ನೀವರ ಆಂಟಿಗೆ ಹೇಳ್ರಿ. ಇಲ್ಲೂ ಬಿಡವಲ್ರು. ನಾಲಗಿ ಸತ್ತ ಹೋಗೇತ್ರಿ."

ಪಕ್ಕದ ಹಾಸಿಗೆಯ ಅಜ್ಜಿ ಕತ್ತು ಎತ್ತಿದರು. "ಏನಮ್ಮಾ ಅದು, ಕಾಫೀನಾ? ನಂಗೂ ಒಂದು ಗುಟುಕು ಹಾಕಮ್ಮ, ಇಲ್ಲಿ ಕೊಡೋದು ಬರೀ ಬಿಸಿನೀರು."

"ಇದು ಕಾಫಿ ಅಲ್ಲ ಅಜ್ಜಿ, ನೀವು ಕುಡುದ್ರೆ ಎದ್ದು ಓಡೋಗ್ತೀರ," ಎಂದರು ಆಂಟಿ. ಅಜ್ಜಿಯ ಡ್ರಿಪ್ ಬದಲಾಯಿಸುತ್ತಿದ್ದ ನರ್ಸ್ ಕೂಡ ನಕ್ಕರು.

ಹುಡುಗಿ ಮೂಗು ಹಿಡಿದುಕೊಂಡು ಅರ್ಧ ಲೋಟ ಕುಡಿದಳು. ಆ ಅರ್ಧ ಲೋಟ ಖಾಲಿಯಾಗುವವರೆಗೂ ನಾನು ಬಾಯಿ ತೆರೆಯಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ನಾನು ಮಾಡಿದ ಕೆಲವು ಸರಿಯಾದ ಕೆಲಸಗಳು ಇದನ್ನು ಮುಚ್ಚಿಬಿಡಬಾರದು.

ನಾನು ಆಯುರ್ವೇದ ವೈದ್ಯ. ಬನಶಂಕರಿಯಲ್ಲಿ ಕ್ಲಿನಿಕ್ಕಿದೆ. ಅದರ ಜೊತೆಗೆ ಯಡಿಯೂರು ಕೆರೆಯ ಹತ್ತಿರದ ಒಂದು ಸಭಾಂಗಣದಲ್ಲಿ, ಆಯುರ್ವೇದದ ಪರಿಚಯವೇ ಇಲ್ಲದವರಿಗಾಗಿ ಎಂಟು ಭಾನುವಾರಗಳ ತರಗತಿ ನಡೆಸುತ್ತಿದ್ದೆ. ಆ ಸಲ ಇಪ್ಪತ್ತೆರಡು ಜನ ಬಂದಿದ್ದರು.

ಹೊಸಬರಿಗೆ ಎರಡು ಭಯಗಳಿರುತ್ತವೆ. ಒಂದು, ಇದೆಲ್ಲ ಸಂಸ್ಕೃತ, ನಮಗೆ ತಲೆಗೆ ಹತ್ತುವುದಿಲ್ಲ ಎಂಬುದು. ಇನ್ನೊಂದು, ಇದು ಕಹಿ ಔಷಧಿ, ಪಥ್ಯ, ಶಿಕ್ಷೆ ಎಂಬುದು. ಎರಡನ್ನೂ ಓಡಿಸಲು ಮೊದಲ ದಿನ ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತಿದ್ದೆ: "ಆಯುರ್ವೇದ ಶುರುವಾಗುವುದು ಔಷಧಿಯಿಂದಲ್ಲ, ಅಡುಗೆಮನೆಯಿಂದ." ಬರೆದು ತಿರುಗಿದರೆ ಎಲ್ಲರ ಭುಜ ಸಡಿಲವಾಗಿರುತ್ತಿತ್ತು. ಎಂಟು ವಾರವೂ ಆ ಸಾಲನ್ನು ಅಳಿಸದೆ ಮೂಲೆಯಲ್ಲಿ ಉಳಿಸುತ್ತಿದ್ದೆ.

ಎರಡನೆಯ ವಾರ ವಾತ, ಪಿತ್ತ, ಕಫ. ಅವು ಮೂರು ಪದಾರ್ಥಗಳಲ್ಲ, ದೇಹ ಮಾಡುವ ಮೂರು ಬಗೆಯ ಕೆಲಸ ಎಂದು ತಿಳಿಯಿರಿ ಎನ್ನುತ್ತಿದ್ದೆ: ಚಲಿಸುವುದು, ಬೇಯಿಸುವುದು, ಹಿಡಿದಿಡುವುದು. ಒಬ್ಬೊಬ್ಬರಲ್ಲಿ ಒಂದೊಂದು ಮುಂದಿರುತ್ತದೆ. ಅದು ಅವರ ಪ್ರಕೃತಿ. ಹಾಗಾಗಿ ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಒಂದೇ ಮಜ್ಜಿಗೆಯನ್ನು ಇಬ್ಬರಿಗೆ ಕೊಟ್ಟು, ಮುಂದಿನ ವಾರ ಇಬ್ಬರನ್ನೂ ನಿಲ್ಲಿಸಿ ಹೊಟ್ಟೆಯ ಸಮಾಚಾರ ಕೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಪಾಠ ಮರೆಯುತ್ತಿರಲಿಲ್ಲ. ಮೂರನೆಯ ವಾರ ಅಗ್ನಿ, ಅಂದರೆ ಜೀರ್ಣಶಕ್ತಿ. ನಾಲ್ಕನೆಯ ವಾರ ಆರು ರುಚಿಗಳು. ಮುಗಿಯುವ ಹೊತ್ತಿಗೆ, ಏಳನೆಯ ವಾರ, ಎಚ್ಚರಿಕೆಗಳು: ಯಾರಿಗೆ, ಎಷ್ಟು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು. ಸಿಹಿ ಮೊದಲು ಬಡಿಸಿ ಕಹಿಯನ್ನು ಕೊನೆಗಿಟ್ಟಿದ್ದೆ. ಜನ ಬಿಟ್ಟುಹೋಗಬಾರದು ಎಂಬುದೇ ಕಾರಣ.

ಓನರ್ ಆಂಟಿ ಮತ್ತು ಹುಡುಗಿ ಒಟ್ಟಿಗೆ ಬರುತ್ತಿದ್ದರು, ಆಂಟಿಯ ಸ್ಕೂಟರಿನಲ್ಲಿ. ಆಂಟಿಯದು ಅಲ್ಲಿನ ಹಳೆಯ ಊರಿನ ಮನೆತನ. ಮಾವ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತು. ಹುಡುಗಿ ಎರಡನೆಯ ಮಹಡಿಯ ಒಂದು ಕೋಣೆಯಲ್ಲಿದ್ದಳು. ಕಂಪನಿಗಳ ನೌಕರರನ್ನು ಕರೆತರುವ ಬಸ್ಸುಗಳಿಗೆ ವೇಳಾಪಟ್ಟಿ ಮಾಡುವುದು ಅವಳ ಕೆಲಸ. ಯಾವ ಬಸ್ಸು, ಯಾವ ಸ್ಟಾಪು, ಎಷ್ಟು ಗಂಟೆಗೆ, ಎಲ್ಲ ಬಾಯಿಪಾಠ. ಮುಖದ ತುಂಬ ಮೊಡವೆ. ಅದಕ್ಕೇ ಆಂಟಿ ಕರೆತಂದದ್ದು.

"ನಮ್ಮ ಮನೇಲಿ ಬಾಡಿಗೆಗಿದಾಳೆ ಸಾರ್, ಮಗಳ ಥರಾನೇ. ಹೊರಗಡೆ ತಿಂದು ತಿಂದು ಮುಖ ಹೆಂಗಾಗಿದೆ ನೋಡಿ."

"ಮಗಳಂತ ಹೇಳ್ತಾರ್ರಿ, ನೀರಿನ ಮೋಟರು ಮಾತ್ರ ನನ್ನ ಕೈಲೆ ಹಾಕಸ್ತಾರ," ಎಂದಳು ಹುಡುಗಿ. ಆಂಟಿ ಅವಳ ಬೆನ್ನಿಗೆ ಒಂದು ಗುದ್ದಿದರು.

ನಾಲ್ಕನೆಯ ವಾರ ಆರು ತಟ್ಟೆಗಳಲ್ಲಿ ಆರು ರುಚಿ ಇಡುವ ಪದ್ಧತಿ. ಬೆಲ್ಲ, ಹುಣಸೆ, ಉಪ್ಪು, ಮೆಣಸು, ಅಳಲೆಕಾಯಿ. ಕಹಿಗೆ ಅಮೃತಬಳ್ಳಿ. ಅದನ್ನು ಸಾಮಾನ್ಯವಾಗಿ ಕ್ಲಿನಿಕ್ಕಿನ ಹಿಂದಿನ ಬೇವಿನ ಮರದಿಂದ ನಾನೇ ಕತ್ತರಿಸಿ ತರುತ್ತಿದ್ದೆ. ಅಂದು ಮರೆತಿದ್ದೆ. ಆಂಟಿ ಚೀಲದಿಂದ ಒಂದು ಮೊಳ ಉದ್ದದ ಬಳ್ಳಿ ತೆಗೆದರು.

"ಕಾಂಪೌಂಡ್ ಮೇಲೆ ಹಬ್ಬಿಸಿದೀನಿ ಸಾರ್. ಅರೆಕೆರೆ ನಾದಿನಿ ಮನೆಯಿಂದ ಕಡ್ಡಿ ತಂದಿದ್ದೆ. ಅವಳಿಗೆ ಯಾರೋ ವಾಕಿಂಗ್ ಫ್ರೆಂಡ್ ಕೊಟ್ಟಿದ್ದಂತೆ."

ನಮ್ಮ ಕಡೆ ಅಮೃತಬಳ್ಳಿ ಹೀಗೇ ಹಬ್ಬುವುದು. ಯಾರೂ ನರ್ಸರಿಗೆ ಹೋಗಿ ಕೊಳ್ಳುವುದಿಲ್ಲ. ಗೇಣುದ್ದದ ಕಡ್ಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಬ್ಬರು ಇನ್ನೊಬ್ಬರಿಗೆ ಕೊಡುತ್ತಾರೆ. ಜೊತೆಗೆ ಹೆಸರೂ ಕೈಯಿಂದ ಕೈಗೆ ಹೋಗುತ್ತದೆ. ಮೊದಲು ಹೆಸರಿಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದವನು ನಾನಾಗಿದ್ದೆ.

ಗುರುತು ಹಿಡಿಯುವ ಕ್ರಮ ಇದು. ಕಾಂಡದ ಮೇಲಿನ ಸಿಪ್ಪೆಯನ್ನು ಉಗುರಿನಿಂದ ಕೆರೆಯಬೇಕು. ಅಮೃತಬಳ್ಳಿಯಾದರೆ ತೆಳುವಾದ ಕಾಗದದಂತೆ ಏಳುತ್ತದೆ, ಒಳಗೆ ಹಸಿರು. ಆಮೇಲೆ ಅಡ್ಡಕ್ಕೆ ಕತ್ತರಿಸಿ, ಗಾಡಿಯ ಚಕ್ರದಂಥ ಗೆರೆಗಳನ್ನು ನೋಡಬೇಕು. ಆಮೇಲೆ ಕಾಂಡವನ್ನು ಬೆರಳುಗಳ ನಡುವೆ ಉರುಳಿಸಬೇಕು. ಅದರ ದಾಯಾದಿ ಬಳ್ಳಿಯೊಂದಿದೆ. ಎಲೆ ಅದೇ ಹೃದಯದ ಆಕಾರ, ಆದರೆ ಕಾಂಡದ ತುಂಬ ಗಂಟುಗಂಟು ನರುಲಿ. ಅದು ಮನೆಮದ್ದಿಗೆ ಅಲ್ಲ. ಇದಿಷ್ಟಕ್ಕೂ ಅರ್ಧ ನಿಮಿಷ ಸಾಕು.

ನಾನು ಎಲೆ ನೋಡಿದೆ. ಇಪ್ಪತ್ತೆರಡು ಜನ ನೋಡುತ್ತಿದ್ದರು, ಆಂಟಿ ಹೆಮ್ಮೆಯಿಂದ ನಿಂತಿದ್ದರು. "ಭೇಷ್, ಅಮೃತಬಳ್ಳಿ," ಎಂದು ಬಳ್ಳಿಯನ್ನು ಎತ್ತಿ ಹಿಡಿದೆ. ಮುಂದಿನ ಸಾಲಿನಲ್ಲಿದ್ದ, ನಿವೃತ್ತ ಹೈಸ್ಕೂಲು ಟೀಚರ್ ಒಬ್ಬರು ಫೋನಿನಲ್ಲಿ ಫೋಟೋ ತೆಗೆದರು. ತುಂಡು ತುಂಡು ಮಾಡಿ ಎಲ್ಲರಿಗೂ ಹಂಚಿದೆ. ನನ್ನ ನಾಲಗೆಗೇ ಅದು ಅಭ್ಯಾಸಕ್ಕಿಂತ ಹೆಚ್ಚು ಕಹಿ ಎನಿಸಿತು. ಮಣ್ಣಿನ ಗುಣವಿರಬೇಕು ಎಂದುಕೊಂಡೆ.

"ಅಯ್ಯ ಸರ, ಇದು ಕಹಿ ಅಲ್ರಿ, ಸಿಟ್ಟು!" ಎಂದಳು ಹುಡುಗಿ.

ಕಷಾಯ ಮಾಡುವ ರೀತಿ ಹೇಳಿದೆ: ಒಂದು ಭಾಗ ಜಜ್ಜಿದ ಬಳ್ಳಿ, ಎಂಟು ಭಾಗ ನೀರು, ಕಾಲು ಭಾಗಕ್ಕೆ ಇಳಿಸಿ ಸೋಸುವುದು. ಚರ್ಮದ ತೊಂದರೆಗೆ ಹಿಂದಿನಿಂದ ಬಳಸುತ್ತಾರೆ ಎಂದೂ ಹೇಳಿದೆ. "ಎಷ್ಟು ದಿನ ಸಾರ್?" ಎಂದು ಟೀಚರ್ ಕೇಳಿದರು. "ಅದು ಏಳನೇ ವಾರ ಬರುತ್ತೆ ಮೇಡಂ, ಅವಸರ ಬೇಡ," ಎಂದೆ.

ಏಳನೆಯ ವಾರ ಹುಡುಗಿ ಬರಲಿಲ್ಲ. ಬಸ್ಸುಗಳ ವೇಳಾಪಟ್ಟಿ ಬದಲಾಗುವ ಭಾನುವಾರ ಅದು. ಆಂಟಿ ಬಂದಿದ್ದರು. ಎಲ್ಲ ಎಚ್ಚರಿಕೆಗಳನ್ನೂ ಕೇಳಿಸಿಕೊಂಡರು. ಆದರೆ, ಅವರು ಆಮೇಲೆ ನನಗೆ ಹೇಳಿದಂತೆ, ಅದೆಲ್ಲ ಅಂಗಡಿಯಿಂದ ತರುವ ಔಷಧಿಗಳ ಮಾತು ಎಂದುಕೊಂಡರು. ಕಷಾಯ ಅಡುಗೆಮನೆಯದು. ಬೋರ್ಡಿನ ಮೂಲೆಯಲ್ಲಿ ನನ್ನ ಸಾಲು ಹಾಗೇ ಇತ್ತು.

ತರಗತಿ ಮುಗಿದ ಸುಮಾರು ಒಂದೂವರೆ ತಿಂಗಳಿಗೆ ಹುಡುಗಿ ಒಂದು ಸಂದೇಶ ಕಳಿಸಿದಳು: ಹಸಿವಿಲ್ಲ, ಮೈ ಭಾರ, ಎಣ್ಣೆ ವಾಸನೆಗೆ ವಾಕರಿಕೆ. ನಾನು ರೋಗಿಗಳ ನಡುವೆ ಫೋನು ನೋಡಿ, "ಅಗ್ನಿಮಾಂದ್ಯ ಇರಬಹುದು. ಎರಡು ದಿನ ಗಂಜಿ, ಶುಂಠಿ ನೀರು ತಗೊಳ್ಳಿ," ಎಂದು ಬರೆದೆ. ಏನೇನು ಸೇವಿಸುತ್ತಿದ್ದೀರಿ ಎಂದು ಕೇಳಲಿಲ್ಲ. ಕ್ಲಿನಿಕ್ಕಿಗೆ ಬಂದಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು. ಕಣ್ಣು ನೋಡುತ್ತಿದ್ದೆ, ನಾಲಗೆ ನೋಡುತ್ತಿದ್ದೆ, ಮೂತ್ರದ ಬಣ್ಣ ಕೇಳುತ್ತಿದ್ದೆ. ಅವಳು ಕೈಮುಗಿದ ಚಿತ್ರ ಕಳಿಸಿದಳು. ಆ ಸಂದೇಶಗಳು ಈಗಲೂ ಫೋನಿನಲ್ಲಿವೆ.

ಹತ್ತು ದಿನವಾದ ಮೇಲೆ, ಸೋಮವಾರ, ಟೀಚರ್ ಫೋನು ಮಾಡಿದರು. "ನಮ್ಮ ಕೊಪ್ಪಳದ ಹುಡುಗಿ ಆಸ್ಪತ್ರೇಲಿದಾಳಂತೆ ಸಾರ್, ಐದು ದಿನ ಆಯ್ತಂತೆ. ಕಾಮಾಲೆ." ಮರುದಿನ ಭೇಟಿಯ ವೇಳೆಗೆ ಹೋದೆ. ಅಕ್ಕ ಎಲ್ಲ ವಿವರಿಸಿದಳು. ಸೋಂಕಿನ ಕಾಮಾಲೆಗಳ ಪರೀಕ್ಷೆಯೆಲ್ಲ ಮಾಡಿದ್ದರು, ಯಾವುದೂ ಸಿಕ್ಕಿರಲಿಲ್ಲ. ಕಾರಣ ಹುಡುಕುತ್ತಿದ್ದರು.

"ನಾಟಿ ಔಷಧ, ಆಯುರ್ವೇದ, ಮಾತ್ರೆ, ಏನರ ತಗೊಂಡಾಳೇನು ಅಂತ ಮೂರು ಸಲ ಕೇಳಿದ್ರಿ ಡಾಕ್ಟರು. ಇಲ್ರಿ, ಆಕಿ ಒಂದು ತಲಿಸೂಲಿ ಗುಳಿಗಿನೂ ನುಂಗಾಕಿ ಅಲ್ಲ ಅಂದೆ."

"ನನ್ನೂ ಕೇಳಿದ್ರಿ ಸರ," ಎಂದಳು ಹುಡುಗಿ. "ಔಷಧಿ ಏನೂ ಇಲ್ಲಂದೆ."

ಸುಳ್ಳು ಹೇಳುತ್ತಿರಲಿಲ್ಲ. ಆಗಲೇ ಆಂಟಿ ಒಳಗೆ ಬಂದದ್ದು, ಫ್ಲಾಸ್ಕು ತೆರೆದದ್ದು.

ಅರ್ಧ ಲೋಟ ಖಾಲಿಯಾಗುವಷ್ಟು ಹೊತ್ತಿನಲ್ಲಿ ನನ್ನ ತಲೆಯಲ್ಲಿ ನಡೆದದ್ದನ್ನು ಆದಷ್ಟು ನಿಖರವಾಗಿ ಬರೆಯುತ್ತೇನೆ. ಮೊದಲು, ಇದು ನನ್ನ ಕಷಾಯ ಎಂದು ಹೊಳೆಯಿತು. ಆಮೇಲೆ, ಅಮೃತಬಳ್ಳಿಯಿಂದ ಹೀಗಾಗದು ಎಂದುಕೊಂಡೆ. ಆಮೇಲೆ ನಾಲಗೆಗೆ ನಾಲ್ಕನೆಯ ವಾರದ ಆ ಕಹಿ ನೆನಪಾಯಿತು. ಕೊನೆಯದಾಗಿ, ನರ್ಸ್ ಇಲ್ಲೇ ನಿಂತಿದ್ದಾರೆ, ಈಗ ಮಾತಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡೆ. ಆ ಕೊನೆಯ ಯೋಚನೆ ಬಂದಾಗಲೇ ನನಗೆ ನನ್ನ ಮೇಲೆ ಭಯವಾಯಿತು. ಕೈ ಚಾಚಿ ಲೋಟ ಹಿಡಿದುಕೊಂಡೆ.

"ಸಾಕಮ್ಮ. ಕುಡೀಬೇಡಿ."

"ಯಾಕ್ರಿ ಸರ, ಪಾಸ್ ಮಾಡಿದ್ರೇನು?" ಎಂದಳು.

ಫ್ಲಾಸ್ಕು ತೆಗೆದುಕೊಂಡು ಆಂಟಿಯನ್ನು ಹೊರಗೆ ಕರೆದೆ. ಲಿಫ್ಟಿನ ಎದುರು ನಿಂತು ಕೇಳಿದೆ. ಎಷ್ಟು ದಿನದಿಂದ? ತರಗತಿಯ ಆ ವಾರದಿಂದಲೇ, ಹತ್ತಿರ ಹತ್ತಿರ ಮೂರು ತಿಂಗಳು. ಎಷ್ಟು? ಮೊದಲು ಒಂದು ಹೊತ್ತು, ಮೊಡವೆ ಇಳಿದಂತೆ ಕಂಡ ಮೇಲೆ ಎರಡು ಹೊತ್ತು. ಹೇಗೆ ಮಾಡುತ್ತೀರಿ? "ನೀವು ಹೇಳಿದ್ದಕ್ಕಿಂತ ಚೆನ್ನಾಗಿ ಇಳಿಸ್ತೀನಿ ಸಾರ್, ಗಟ್ಟಿ ಬರಲಿ ಅಂತ." ಆಸ್ಪತ್ರೆಗೆ ಬಂದ ಮೇಲೂ? "ಒಂದು ದಿನಾನೂ ತಪ್ಪಿಸಿಲ್ಲ. ಕಾಮಾಲೆಗೆ ಇನ್ನೂ ಒಳ್ಳೇದಲ್ವಾ?"

"ಆಂಟಿ, ಇದರಿಂದಲೇ ಆಗಿರಬಹುದು."

ಅವರು ನನ್ನ ಮುಖ ನೋಡಿದರು. "ಏನ್ ಸಾರ್ ಹಿಂಗಂತೀರಾ? ನಾನೂ ಕುಡ್ದಿದೀನಿ ಒಂದು ತಿಂಗಳು. ನಂಗೇನಾಯ್ತು?"

ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ ಎಂದು ಹೇಳಬೇಕಿತ್ತು. ಡಾಕ್ಟರಿಗೆ ಹೇಳುತ್ತೇನೆ ಎಂದೆ.

ಆಂಟಿ ನನ್ನ ತೋಳು ಹಿಡಿದರು. "ಸಾರ್, ಬೇಡ. ಇವತ್ತಿಂದ ತರೋದೇ ಇಲ್ಲ, ನಿಲ್ಲಿಸ್ಬಿಡ್ತೀನಿ. ಅವ್ಳು ಹೆಂಗಿದ್ರೂ ಹುಷಾರಾಗ್ತಾಳೆ. ಅವಳಕ್ಕ ನನ್ನ ಏನಂತ ತಿಳ್ಕೊತಾಳೆ? ವಿಷ ಹಾಕ್ದೆ ಅಂತಾಳೆ. ನಿಮ್ಮ ಹೆಸರೂ ಬರುತ್ತೆ ಸಾರ್, ಯೋಚನೆ ಮಾಡಿ."

ಯೋಚನೆ ಮಾಡಿದೆ. ಲಿಫ್ಟು ಮೂರು ಸಲ ಬಂದು ಹೋಯಿತು. ಕಷಾಯ ಹೇಗೂ ನಿಂತಿತು, ಉಳಿದದ್ದು ಡಾಕ್ಟರ ಕೆಲಸ ಎಂಬ ವಾದ ನನ್ನೊಳಗೂ ಸಿದ್ಧವಿತ್ತು. ಆದರೆ ಒಳಗೆ ಒಂದು ಕಡತವಿತ್ತು, ಅದರಲ್ಲಿ "ಔಷಧಿ: ಇಲ್ಲ" ಎಂದು ಬರೆದಿತ್ತು. ಆ ಎರಡು ಪದಗಳ ಮೇಲೆ ನಿಂತು ಅವರು ಮುಂದಿನ ಚಿಕಿತ್ಸೆ ನಿರ್ಧರಿಸುತ್ತಿದ್ದರು. ಆ "ಇಲ್ಲ" ಬರೆಸಿದ್ದು ಬೋರ್ಡಿನ ಮೇಲಿನ ನನ್ನ ಆ ಸಾಲು.

ನಾಲ್ಕು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಡ್ಯೂಟಿ ಡಾಕ್ಟರ ಮೇಜಿನ ಮೇಲೆ ಫ್ಲಾಸ್ಕು ಇಟ್ಟೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಹೇಳಿದ್ದನ್ನು ನಿಂತೇ ಕೇಳಿಸಿಕೊಂಡರು, ಆಮೇಲೆ ಕೂತರು.

"ಆರು ದಿನದಿಂದ ಕೇಳ್ತಿದೀವಿ ಸರ್. ಆರು ದಿನ." ದನಿ ಏರಿಸಲಿಲ್ಲ. ಒಂದು ಹಾಳೆ ಮುಂದೆ ತಳ್ಳಿದರು. "ಎಲ್ಲ ಬರೆದುಕೊಡಿ."

ಬರೆದೆ. ಸಸ್ಯದ ಹೆಸರು, ಪಕ್ಕದಲ್ಲಿ "ಎಂದು ನಂಬಲಾಗಿದೆ, ಪರೀಕ್ಷಿಸಿಲ್ಲ". ಉಪಯೋಗಿಸಿದ ಭಾಗ: ಹಸಿ ಕಾಂಡ. ತಯಾರಿಸಿದ ರೀತಿ, ಪ್ರಮಾಣ, ಅವಧಿ, ಕೊನೆಯ ಸೇವನೆ: ಇಂದು ನಾಲ್ಕು ಹತ್ತಕ್ಕೆ, ಅರ್ಧ ಲೋಟ. ಯಾರ ಸಲಹೆ ಎಂಬಲ್ಲಿ ನನ್ನ ಹೆಸರು, ನೋಂದಣಿ ಸಂಖ್ಯೆ, ಸಹಿ. ಆಮೇಲೆ ವಾರ್ಡಿಗೆ ಹೋಗಿ ಅಕ್ಕನಿಗೂ ಹುಡುಗಿಗೂ ಅದನ್ನೇ ಹೇಳಿದೆ. ಹುಡುಗಿ, "ಆಂಟಿಗೆ ಬೈಬ್ಯಾಡ್ರಿ ಸರ," ಎಂದಳು.

ಅಲ್ಲಿಂದ ನೇರ ಬಿಟಿಎಂಗೆ. ಆಂಟಿ ಗೇಟು ತೆಗೆದರು. ಬಳ್ಳಿ ಕಾಂಪೌಂಡಿನ ಮೇಲೆ ದಟ್ಟವಾಗಿತ್ತು, ಒಳ್ಳೆಯ ಆರೈಕೆ. ಬೆಳಕಿನ್ನೂ ಇತ್ತು. ಕಾಂಡವನ್ನು ಬೆರಳುಗಳ ನಡುವೆ ಹಿಡಿದು ಉರುಳಿಸಿದೆ. ನರುಲಿ. ಮೇಲಿನಿಂದ ಕೆಳಗಿನವರೆಗೆ, ಗಂಟು ಗಂಟಾಗಿ. ಉಗುರು ಹಾಕಿದರೆ ಕಾಗದದಂಥ ಸಿಪ್ಪೆ ಏಳಲಿಲ್ಲ. ಆದರೂ ನನ್ನ ಕಣ್ಣನ್ನು ನಾನು ನಂಬುವ ಸ್ಥಿತಿಯಲ್ಲಿರಲಿಲ್ಲ. ಸಸ್ಯಗಳನ್ನು ಕಲಿಸುವ ಒಬ್ಬ ಸಹೋದ್ಯೋಗಿಯ ಮನೆ ಸುಬ್ರಹ್ಮಣ್ಯಪುರದಲ್ಲಿತ್ತು. ಬಳ್ಳಿಯನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ ಒಯ್ದೆ. ಅವರು ಬಾಗಿಲಲ್ಲೇ ಒಂದು ಸಲ ಬೆರಳಾಡಿಸಿದರು.

"ಇದು ಅಮೃತಬಳ್ಳಿ ಅಲ್ಲ ಅಂತ ನಿಮಗೇ ಗೊತ್ತಲ್ಲ. ನನ್ನ ಹತ್ತಿರ ಯಾಕೆ ತಂದ್ರಿ?"

ಅವರ ಕೈಯಲ್ಲೇ ಎರಡು ಸಾಲು ಬರೆಸಿಕೊಂಡು, ಬಳ್ಳಿಯ ತುಂಡಿನ ಜೊತೆ ಆಸ್ಪತ್ರೆಗೆ ತಲುಪಿಸಿದೆ.

ಮರುದಿನ ಯಕೃತ್ತಿನ ತಜ್ಞರು ನನ್ನನ್ನು ಕೂರಿಸಿ ಮಾತಾಡಿದರು. ಅವರು ಹೇಳಿದ್ದನ್ನು ಹೆಚ್ಚು ಕಡಿಮೆ ಮಾಡದೆ ಬರೆಯುತ್ತೇನೆ. ಈ ಬಳ್ಳಿಯೇ ಕಾರಣ ಎಂದು ನೂರಕ್ಕೆ ನೂರು ಹೇಳಲಾಗದು. ಬಲವಾದ ಅನುಮಾನ, ಅಷ್ಟೆ. ಅಸಲಿ ಅಮೃತಬಳ್ಳಿಯೇ ಆಗಿದ್ದರೂ, ಇಷ್ಟು ದಿನ ಇಷ್ಟು ಗಟ್ಟಿಯಾಗಿ ಕುಡಿದರೆ ಕೆಲವರ ದೇಹ ಅದನ್ನು ತಡೆಯಲಾರದು. ಅದು ಅವರವರ ದೇಹ. ಇನ್ನು ಹುಡುಗಿಯ ರಕ್ತ ಹೆಪ್ಪುಗಟ್ಟುವ ಸಮಯ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಯಕೃತ್ತು ಸೋಲುತ್ತಿರುವ ಲಕ್ಷಣ ಅದು.

ಕಷಾಯ ನಿಂತ ಮೂರನೆಯ ದಿನ ಅವಳ ಮಾತು ದಾರಿ ತಪ್ಪಿತು. ನಾನು ಹೊರಗಿನ ಬೆಂಚಿನಲ್ಲಿದ್ದೆ. ದಿನಾ ಭೇಟಿಯ ವೇಳೆಯಲ್ಲಿ ಅಲ್ಲಿ ಕೂರುತ್ತಿದ್ದೆ, ಒಳಗೆ ಹೋಗುವ ಹಕ್ಕಿದೆ ಅನಿಸುತ್ತಿರಲಿಲ್ಲ. ಬಾಗಿಲು ತೆರೆದಾಗ ಅವಳ ದನಿ ಕೇಳಿತು. "ಸಿಲ್ಕ್ ಬೋರ್ಡ್ ಆರು ನಲವತ್ತು. ಅರೆಕೆರೆ ಗೇಟ್ ಆರು ಐವತ್ತೈದು. ಗಾಡಿ ಬಂತೇನ್ರಿ? ಮಂದಿ ನಿಂತಾರ್ರಿ, ಗಾಡಿ ಕಳಸ್ರಿ." ಅಕ್ಕ, "ಬಂತವ್ವ, ಗಾಡಿ ಬಂತು, ಮಲಗು," ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಿಂದ.

ಅವಳನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ಅಕ್ಕನ ಯಕೃತ್ತಿನ ಒಂದು ಭಾಗ ಕಸಿ ಮಾಡಬಹುದೇ ಎಂದು ಪರೀಕ್ಷೆ ಶುರುವಾಯಿತು. ಅದು ಮುಗಿಯುವ ಮೊದಲೇ ಹುಡುಗಿಗೆ ಜ್ವರ ಬಂತು, ಸೋಂಕು ರಕ್ತಕ್ಕೆ ಹತ್ತಿತು. ಈ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆ ಆಗದು ಎಂದರು. ಕಷಾಯ ನಿಂತ ಹನ್ನೊಂದನೆಯ ದಿನ, ಶನಿವಾರ, ಮಧ್ಯಾಹ್ನ ಊಟದ ಟ್ರಾಲಿಗಳು ವಾಪಸಾಗುವ ಹೊತ್ತಿಗೆ, ಅವಳು ಹೋದಳು.

ಕೊಪ್ಪಳಕ್ಕೆ ಹೊರಡುವ ಮೊದಲು ಅಕ್ಕ ಬೆಂಚಿನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಅದಕ್ಕೆ ಎದ್ದು ನಿಂತೆ.

"ಒಂದ ಮಾತು ಕೇಳ್ತೀನ್ರಿ. ಆರು ದಿನ ಮೊದಲ ಬಂದು ಹೇಳಿದ್ರ ಉಳೀತಿದ್ಲೇನ್ರಿ?"

"ಗೊತ್ತಿಲ್ಲಮ್ಮ," ಎಂದೆ. ತಜ್ಞರನ್ನೂ ಕೇಳಿದ್ದೆ, ಅವರಿಗೂ ಗೊತ್ತಿರಲಿಲ್ಲ. ಅವಳು, "ಆತ್ರಿ," ಎಂದು ಹೋದಳು.

ಮರುದಿನ ಭಾನುವಾರ. ಉಳಿದ ವಿದ್ಯಾರ್ಥಿಗಳನ್ನೆಲ್ಲ ಯಡಿಯೂರಿನ ಸಭಾಂಗಣಕ್ಕೆ ಕರೆಸಿದೆ. ಮನೆಯಲ್ಲಿ ಕುದಿಸಿ ಕುಡಿಯುತ್ತಿರುವುದನ್ನೆಲ್ಲ, ಬಳ್ಳಿ, ಬೇರು, ಪುಡಿ, ಇದ್ದ ಹಾಗೇ ತನ್ನಿ ಎಂದಿದ್ದೆ. ಏನಾಯಿತು ಎಂದು ಮೊದಲಿನಿಂದ ಹೇಳಿದೆ. ಆಮೇಲೆ ಒಂದೊಂದನ್ನೇ ಕೆರೆದು, ಕತ್ತರಿಸಿ, ಉರುಳಿಸಿ ನೋಡಿದೆ. ಆಂಟಿಯ ಕಾಂಪೌಂಡಿನ ಕಡ್ಡಿ ಇನ್ನೂ ಮೂರು ಮನೆಗಳಲ್ಲಿ ಚಿಗುರಿತ್ತು. ಆ ಮೂವರಿಗೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿದೆವು. ಒಬ್ಬರ ಯಕೃತ್ತಿನ ಪರೀಕ್ಷೆಯ ಅಂಕಿಗಳು ಏರಿದ್ದವು. ಕಷಾಯ ನಿಲ್ಲಿಸಿದ ಮೇಲೆ ನಿಧಾನವಾಗಿ ಇಳಿದವು.

ಕೊನೆಗೆ ಟೀಚರ್ ಫೋನು ಚಾಚಿದರು. ನಾಲ್ಕನೆಯ ವಾರದ ಫೋಟೋ. ಕೈ ಮೇಲೆತ್ತಿದ್ದೇನೆ, ಕೈಯಲ್ಲಿ ಬಳ್ಳಿ, ನಾನು ನಗುತ್ತಿದ್ದೇನೆ. ದೊಡ್ಡದು ಮಾಡಿ ನೋಡುವ ಅಗತ್ಯವಿರಲಿಲ್ಲ. ನರುಲಿಗಳು ಹಾಗೇ ಕಾಣುತ್ತಿದ್ದವು. "ಅಳಿಸ್ಬಿಡ್ಲಾ ಸಾರ್?" ಎಂದರು. ನನಗೆ ಕಳಿಸಿ ಎಂದೆ.

ಆಂಟಿ ಬಳ್ಳಿಯನ್ನು ತಾವೇ ಬುಡದಲ್ಲಿ ಕಡಿದಿದ್ದರು. ಹದಿನೈದು ದಿನವಾದ ಮೇಲೆ ಫೋನು ಮಾಡಿದರು. "ಬಂದು ನೋಡಿ ಸಾರ್." ಹೋದೆ. ಬುಡ ಕಡಿದಿದ್ದರೂ ಗೋಡೆಯ ಮೇಲಿದ್ದ ಬಳ್ಳಿ ಒಣಗಿರಲಿಲ್ಲ. ಮೇಲಿನಿಂದ ದಾರದಂಥ ಬಿಳಲುಗಳನ್ನು ಇಳಿಬಿಟ್ಟು ಮತ್ತೆ ಮಣ್ಣು ಹುಡುಕುತ್ತಿತ್ತು. ಈ ದಾಯಾದಿಗಳೆರಡರ ಗುಣವೇ ಅದು. ಅಮೃತ ಎಂಬ ಹೆಸರು ಬಂದದ್ದೂ ಹೀಗೆ ಸಾಯದೆ ಉಳಿಯುವುದರಿಂದ ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ. ಇಬ್ಬರೂ ಸೇರಿ ಬಿಳಲುಗಳನ್ನು ಒಂದೊಂದಾಗಿ ಕಿತ್ತು, ಬೇರು ಅಗೆದು, ಎಲ್ಲವನ್ನೂ ಟೆರೇಸಿನಲ್ಲಿ ಹರಡಿ ಬಿಸಿಲಿಗೆ ಹಾಕಿದೆವು. ಎರಡನೆಯ ಮಹಡಿಯ ಕೋಣೆಗೆ ಬೀಗವಿತ್ತು. "ಯಾರಿಗೂ ಕೊಟ್ಟಿಲ್ಲ ಸಾರ್," ಎಂದರು ಆಂಟಿ. "ಮೋಟ್ರು ನಾನೇ ಹಾಕ್ತೀನಿ ಈಗ."

ನಾನು ಒಂದು ವರ್ಷ ತರಗತಿ ನಡೆಸಲಿಲ್ಲ. ಈಗ ಮತ್ತೆ ನಡೆಸುತ್ತಿದ್ದೇನೆ. ಆಯುರ್ವೇದದ ಮೇಲಿನ ನಂಬಿಕೆ ನನಗೆ ಹೋಗಿಲ್ಲ; ಅದನ್ನು ಪರಿಚಯಿಸುವ ನನ್ನ ರೀತಿಯ ಮೇಲಿನ ನಂಬಿಕೆ ಹೋಯಿತು. ಈಗ ಏಳನೆಯ ವಾರದ ಪಾಠ ಮೊದಲ ವಾರಕ್ಕೆ ಬಂದಿದೆ. ಮೊದಲ ದಿನ ಬೋರ್ಡಿನ ಮೇಲೆ ಏನೂ ಬರೆಯುವುದಿಲ್ಲ. ಎರಡು ತುಂಡು ಬಳ್ಳಿ ತಂದು ಎಲ್ಲರ ಕೈಯಲ್ಲೂ ಉರುಳಿಸಲು ಹೇಳುತ್ತೇನೆ, ಫೋಟೋ ತೋರಿಸುತ್ತೇನೆ. ಅಡುಗೆಮನೆಯಲ್ಲಿ ಮಾಡಿದ್ದಾದರೂ ಸರಿ, ಗುಣಕ್ಕಾಗಿ ಕುಡಿದದ್ದೆಲ್ಲ ಔಷಧಿಯೇ, ಡಾಕ್ಟರು ಕೇಳಿದರೆ ಹೇಳಿ ಎನ್ನುತ್ತೇನೆ. ಕೆಲವರು ಎರಡನೆಯ ವಾರ ಬರುವುದಿಲ್ಲ.

ಆ ಮಂಗಳವಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆ ಲೋಟವನ್ನು ಕಂಡವರು ಆರು ಜನ. ಬಿಟಿಎಂನ ಓನರ್ ಆಂಟಿ, ಈಗಲೂ ಅದೇ ಮನೆಯಲ್ಲಿದ್ದಾರೆ. ಕೊಪ್ಪಳದ ಅಕ್ಕ, ಹಬ್ಬಕ್ಕೊಮ್ಮೆ ಆಂಟಿಗೆ ಫೋನು ಮಾಡುತ್ತಾಳೆ, ನನಗಲ್ಲ. ಡ್ರಿಪ್ ಬದಲಾಯಿಸುತ್ತಿದ್ದ ನರ್ಸ್, ಅದೇ ವಾರ್ಡಿನಲ್ಲಿ. ಕಾಫಿ ಕೇಳಿದ ಅಜ್ಜಿ, ಗುಣವಾಗಿ ಮನೆಗೆ ಹೋದರು. ಬನಶಂಕರಿ ಮಾರುಕಟ್ಟೆಯಲ್ಲಿ ಒಮ್ಮೆ ಸಿಕ್ಕಿ, ನನ್ನ ಗುರುತು ಹಿಡಿದು, ಆ ನಗುವ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಕಾಲಬದಿಗೆ ನಿಂತಿದ್ದ ನಾನು. ಐದು ಜನ ಬದುಕಿದ್ದೇವೆ.